ಡ್ರಿಲ್ಲು ತಂದ ಓರಗಿತ್ತಿ

ನನ್ನ ಓರಗಿತ್ತಿ ಮದುವೆಯಾಗಿ ಬರುವಾಗ ತವರಿನಿಂದ ರೇಷ್ಮೆ ಸೀರೆ ತಂದಳು, ಬೆಳ್ಳಿ ತಟ್ಟೆ ತಂದಳು, ಜೊತೆಗೊಂದು ಹ್ಯಾಮರ್ ಡ್ರಿಲ್ಲನ್ನೂ ತಂದಳು ಎಂದರೆ ನೀವು ನಂಬುವುದಿಲ್ಲ. ತಪ್ಪೇನಿಲ್ಲ. ನಾನೂ ಅದನ್ನು ಯಾವುದೋ ಹೊಸ ಮಾದರಿಯ ಮಿಕ್ಸಿ ಅಂದುಕೊಂಡು "ಜಾರ್ ಎಲ್ಲಮ್ಮಾ?" ಎಂದು ಕೇಳಿದ್ದೆ!

"ಜಾರಿಲ್ಲ ಅಕ್ಕ, ಇದು ಗೋಡೆ ಕೊರೆಯೋದು. ಅಪ್ಪ ಕೊಟ್ಟಿದ್ದು" ಎಂದಳು.

ನಾವೆಲ್ಲ ಆಗಷ್ಟೇ ಮದ್ರಾಸಿನ ಎಗ್ಮೋರಿನ ಬಾಡಿಗೆ ಮನೆ ಬಿಟ್ಟು ಶೋಳಿಂಗನಲ್ಲೂರಿನ ಹೊಸ ಫ್ಲ್ಯಾಟಿಗೆ ಬಂದಿದ್ದೆವು. ಗೋಡೆಯೆಲ್ಲ ಕಾಂಕ್ರೀಟು. ಅತ್ತೆಯವರ ವೆಂಕಟರಮಣನ ಪಟಕ್ಕೆಂದು ನನ್ನ ಯಜಮಾನರು ಹೊಡೆದ ಮೊಳೆಗಳೆಲ್ಲ ಕೊಕ್ಕರೆಯ ಕತ್ತಿನಂತೆ ಬಾಗಿ, ದೇವರು ವಾರಗಟ್ಟಲೆ ಸೋಫಾದಲ್ಲೇ ಒರಗಿಕೊಂಡಿದ್ದ. ಇವಳು ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ಜಡೆಯನ್ನು ತುರುಬು ಕಟ್ಟಿ, ದಪ್ಪ ಕನ್ನಡಕ ಏರಿಸಿ ಗುರ್ರ್ ಅನ್ನಿಸಿದಳು ನೋಡಿ, ದೇವರು ಗೋಡೆ ಹತ್ತಿದ!

"ಅಡಡಾ! ಎಂಥಾ ಕೆಟ್ಟಿಕ್ಕಾರಿ!" ಎಂದರು ಅತ್ತೆ. ತಲೆಮಾರುಗಳಿಂದ ಮದ್ರಾಸಿನಲ್ಲಿರುವ ಮನೆತನ. ಮೆಚ್ಚುಗೆ ಹೆಚ್ಚಾದರೆ ಅವರಿಗೆ ತಮಿಳು ಉಕ್ಕುತ್ತದೆ. ನನ್ನ ಮೈಸೂರಿನ ಕಿವಿಗೆ 'ಕೆಟ್ಟ' ಎಂಬುದಷ್ಟೇ ಬಿದ್ದು ಒಂದು ಗಳಿಗೆ ಹಿತವಾಯಿತು. ಆಮೇಲೆ ನೆನಪಾಯಿತು, ತಮಿಳಿನಲ್ಲಿ ಅದಕ್ಕೆ ಜಾಣೆ ಎಂದರ್ಥ! ಇಷ್ಟು ವರ್ಷ ನಾನು ಮಾಡಿ ಬಡಿಸಿದ ಪುಳಿಯೋಗರೆಗೆ ಮಾತ್ರ "ಪರವಾಗಿಲ್ಲ" ಎಂಬ ಅಪ್ಪಟ ಕನ್ನಡ. ಹೊಟ್ಟೆ ಉರಿಯದೆ ಇರುತ್ತದೆಯೇ?

ಸುಮ್ಮನೆ ಕೊರೆದು ಹೋಗುವವಳಾಗಿದ್ದರೆ ಸಹಿಸುತ್ತಿದ್ದೆನೇನೋ. ಇವಳು ಮೊದಲು ವೈದ್ಯರು ಎದೆ ತಟ್ಟಿದಂತೆ ಗೋಡೆ ತಟ್ಟುತ್ತಾಳೆ. ಆಮೇಲೆ ಪಾಠ. "ನೋಡಿ ಅಕ್ಕ, ಮರಕ್ಕೂ ಟೈಲ್ಸಿಗೂ ಹ್ಯಾಮರ್, ಅಂದ್ರೆ ಕುಟ್ಟೋದು ಬೇಡ, ಬರೀ ತಿರುಗಿದ್ರೆ ಸಾಕು. ಟೈಲ್ಸಿಗಂತೂ ಮೆಲ್ಲಗೆ, ಇಲ್ಲಾಂದ್ರೆ ಸೀಳಿಹೋಗುತ್ತೆ. ಕಾಂಕ್ರೀಟಿಗೆ ಮಾತ್ರ ಹ್ಯಾಮರ್. ಅದೂ ಶುರುನಲ್ಲಿ ನಿಧಾನ, ಬಿಟ್ಟು, ಅಂದ್ರೆ ಈ ಕೊರೆಯೋ ಮೊನೆ, ಕಚ್ಚಿಕೊಂಡ ಮೇಲೆ ಜೋರು." ಬಿಟ್ಟು ಬದಲಿಸಬೇಕಾದರೆ ಅವಳ ಗಂಡ, ಅಂದರೆ ನನ್ನ ಮೈದುನ, ಕರೆಂಟಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಪ್ಲಗ್ಗು ಕಿತ್ತು ಕೈಯಲ್ಲೆತ್ತಿ ತೋರಿಸಬೇಕು. ಅವನೋ, ಮದುವೆಯಲ್ಲಿ ತಾಳಿಯನ್ನು ಸಭೆಗೆ ತೋರಿಸುವಷ್ಟೇ ಭಕ್ತಿಯಿಂದ ತೋರಿಸುತ್ತಿದ್ದ!

ಮೇಲಿನ ಮನೆಯ ತಮಿಳು ಮಾಮ ಒಮ್ಮೆ ಸ್ವಿಚ್‌ಬೋರ್ಡಿನ ನೇರ ಮೇಲೆ ಗಡಿಯಾರ ಹಾಕಿಸಬೇಕೆಂದು ಹಟ ಹಿಡಿದರು.

"ಅಲ್ಲಿ ಬೇಡ ಮಾಮ, ಒಳಗೆ ವೈರು ಹೋಗಿರುತ್ತೆ" ಎಂದಳು ಇವಳು.

"ನಾನು ರಿಟೈರ್ಡ್ ಇಂಜಿನಿಯರಮ್ಮಾ!"

"ಅದು ನನಗೆ ಗೊತ್ತು ಮಾಮ, ವೈರಿಗೆ ಗೊತ್ತಿಲ್ವಲ್ಲ!"

ಮಾಮ ಗಹಗಹಿಸಿ ನಕ್ಕರು. ಗಡಿಯಾರ ಪಕ್ಕದ ಗೋಡೆಗೆ ಹೋಯಿತು. ಮಾಮಿ ಅವಳಿಗೆ ನೊರೆನೊರೆಯ ಕಾಫಿ ಕೊಟ್ಟರು. ಎಕ್ಸ್‌ಟೆನ್ಷನ್ ವೈರು ಹೊತ್ತು ಹಿಂದೆ ಹೋಗಿದ್ದ ನನಗೆ? ನನಗೂ ಕೊಟ್ಟರು, ಸಕ್ಕರೆ ಮರೆತು!

ಅಂದಿನಿಂದ ಅವಳು ಎಲ್ಲಿ ಕೊರೆದರೂ ಪಕ್ಕದಲ್ಲಿ ಹೋಗಿ ನಿಲ್ಲತೊಡಗಿದೆ. ಸಹಾಯಕ್ಕೆ ಅಂದುಕೊಂಡಿರಾ? ಒಂದು ಸಲವಾದರೂ ತಪ್ಪಲಿ, ಒಂದೇ ಒಂದು ಟೈಲ್ಸಾದರೂ ಒಡೆಯಲಿ ಎಂಬ ಆಸೆಗೆ! ಪುಣ್ಯಾತ್ಗಿತ್ತಿ ತಪ್ಪಲೇ ಇಲ್ಲ.

ಅಷ್ಟರಲ್ಲಿ ಅವಳು ಬಸುರಿಯಾದಳು. ಏಳು ತಿಂಗಳಿಗೆಲ್ಲ ಅತ್ತೆಯವರು ತೊಟ್ಟಿಲನ್ನು ಸೂರಿನಿಂದಲೇ ತೂಗುಹಾಕಬೇಕೆಂದು ಅಪ್ಪಣೆ ಮಾಡಿದರು. ಅವಳು ಏಣಿ ಹತ್ತುವಂತಿಲ್ಲ. ಯಾರನ್ನಾದರೂ ಕರೆಸೋಣ ಎಂದ ಮೈದುನ.

"ಬೇಡ. ನನ್ನ ಮಗು ನೇತಾಡೋ ಕೊಕ್ಕೆ. ಅಕ್ಕ ಕೊರೀತಾರೆ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ನಾನು ಕೊರೆಯೋದನ್ನ ಅಕ್ಕನಷ್ಟು ಗಮನ ಇಟ್ಟು ಯಾರೂ ನೋಡಿಲ್ಲ. ನಾನು ಎಲ್ಲಿ ತಪ್ತೀನಿ ಅಂತ ಕಾಯ್ತಾ ನಿಂತಿರ್ತಾರಲ್ಲ!"

ಕಳ್ಳಿ, ಎಲ್ಲ ಗೊತ್ತಿತ್ತು ಅವಳಿಗೆ!

ಸೆರಗು ಸಿಕ್ಕಿಸಿ ಏಣಿ ಹತ್ತಿದೆ. ಮೈದುನ ಏಣಿ ಹಿಡಿದ. ಕೆಳಗಿನಿಂದ ಅವಳ ದನಿ: "ಎರಡೂ ಕೈ ಅಕ್ಕ... ಒತ್ತಬೇಡಿ, ಅದೇ ಹೋಗುತ್ತೆ... ಆಗಾಗ ಹೊರಗೆಳೆದು ಪುಡಿ ಉದುರಿಸಿ..." ಡ್ರಿಲ್ಲು ನಡುಗಿತು, ಅದಕ್ಕಿಂತ ಹೆಚ್ಚು ನಾನು ನಡುಗಿದೆ. ಮುಖದ ಮೇಲೆಲ್ಲ ಸಿಮೆಂಟಿನ ಮಳೆ. ಕೊನೆಗೂ ಬೋಲ್ಟು ಕೂತಿತು, ಕೊಕ್ಕೆ ನಿಂತಿತು. ಗಟ್ಟಿಯಿದೆಯೇ ಎಂದು ನೋಡಲು ನಾನೇ ಹಗ್ಗ ಕಟ್ಟಿ ಜೋತುಬಿದ್ದೆ. ನನ್ನ ಭಾರ ತಡೆದ ಕೊಕ್ಕೆಗೆ ಐರಾವತದ ಮರಿಯನ್ನೇ ಮಲಗಿಸಬಹುದು!

ಎಲ್ಲರೂ ಎದ್ದುಹೋದರು. ಅವಳು ಒದ್ದೆ ಬಟ್ಟೆ ತಂದು ನನ್ನ ಹುಬ್ಬಿನ ಸಿಮೆಂಟು ಒರೆಸುತ್ತ ಮೆಲ್ಲಗೆ ಹೇಳಿದಳು, "ಅಕ್ಕ, ನನಗೆ ತುಂಬಾ ಹೆದರಿಕೆ ಆಗ್ತಿದೆ."

"ಕೊಕ್ಕೆ ಬೀಳಲ್ಲ ಕಣೇ."

"ಕೊಕ್ಕೆಗಲ್ಲ ಅಕ್ಕ, ಹೆರಿಗೆಗೆ. ಮಿಕ್ಕಿದ್ದೆಲ್ಲ ಅಪ್ಪ ಹೇಳಿಕೊಟ್ಟರು. ಇದನ್ನ ಯಾರನ್ನ ಕೇಳಲಿ? ಅಮ್ಮ ಇಲ್ವಲ್ಲ."

ನಾನು ಅವಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಎರಡು ಹೆರಿಗೆಗಳ ಕಥೆಯನ್ನೂ ಮೊದಲಿನಿಂದ ಹೇಳಿದೆ; ಅತ್ತದ್ದು, ಕಿರುಚಿದ್ದು, ಆಮೇಲೆ ನಕ್ಕದ್ದು, ಒಂದನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು.

ತೋಳು ಜೋಮು ಹಿಡಿಯಿತು. ಒಳಗಿನಿಂದ ಅತ್ತೆ ಕರೆದರು. ನಾನು ಅಲ್ಲಾಡಲಿಲ್ಲ.