ಸ್ಕ್ರೂ ಭದ್ರ, ಗೋಡೆ ಸಡಿಲ

ದಂತವೈದ್ಯರ ಮೇಲೆ ಬಡಗಿಗೆ ಇವತ್ತಿಗೂ ಸಿಟ್ಟಿದೆ. ನೋಯಿಸಿದರೆಂದಲ್ಲ; ತನ್ನ ಮಾತನ್ನೇ ಕದ್ದು ತನಗೇ ಹೇಳಿಬಿಟ್ಟರಲ್ಲ ಎಂದು. ಅವನು ಗೋಡೆಗೆ ಕೂರಿಸಿದ ಕಪಾಟು ಯಾರ ಮನೆಯಲ್ಲಿ ಜೋತುಬಿದ್ದರೂ ಅವನದು ಒಂದೇ ತೀರ್ಪು: "ನನ್ನ ಸ್ಕ್ರೂ ಭದ್ರವಾಗಿದೆ ಸ್ವಾಮಿ, ನಿಮ್ಮ ಗೋಡೇನೇ ಸರಿಯಿಲ್ಲ." (ಈ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.)

ಕೆಳದವಡೆಯ ಒಂದು ಹಲ್ಲು ಹೋದಾಗ ವೈದ್ಯರು ಮೂಳೆಯೊಳಗೆ ಸ್ಕ್ರೂ ಇಳಿಸಿ, ಅದರ ಮೇಲೆ ಹೊಸ ಹಲ್ಲು ಕೂರಿಸಿದ್ದರು. ಇಡೀ ದೇಹದಲ್ಲಿ ತನ್ನ ಕಸುಬಿಗೆ ಸೇರಿದ ಭಾಗ ಇದೊಂದೇ ಎಂದು ಬಡಗಿ ಕಂಡಕಂಡವರಿಗೆಲ್ಲ ಬಾಯಿ ತೆರೆದು ತೋರಿಸುತ್ತಿದ್ದ. ಒಂದು ದಿನ ಹಲ್ಲುಜ್ಜುವಾಗ ಅಲ್ಲಿ ರಕ್ತ ಬಂತು.

"ವಸಡು ಊದಿದೆ ಕಣ್ರೀ, ಹೋಗಿ ತೋರಿಸ್ಕೊಂಡ್ ಬನ್ನಿ," ಎಂದಳು ಹೆಂಡತಿ.

"ಕಬ್ಬಿಣಕ್ಕೆ ಹುಳ ಹಿಡಿಯುತ್ತೇನೇ? ಬ್ರಷ್ಷು ತಾಗಿ ಗಾಯ ಆಗಿದೆ. ಗಾಯ ಕೆರೀಬಾರದು."

"ಉಜ್ಜದೆ ಬಿಟ್ರೆ ಕೊಳೆ ಸೇರಿ ಕೀವಾಗುತ್ತೆ..."

"ಸ್ಕ್ರೂ ವಿಚಾರ ನನಗೇ ಹೇಳಿಕೊಡ್ತೀಯಾ? ಬಾಯಿ ಮುಚ್ಕೊಂಡು ಕೆಲಸ ನೋಡು!"

ಅಂದಿನಿಂದ, ಪಾಲಿಶ್ ಆರದ ಬಾಗಿಲಿನಿಂದ ಮಕ್ಕಳನ್ನು ದೂರವಿಡುವ ಹಾಗೆ, ಆ ಹಲ್ಲಿನ ಬಳಿ ಬ್ರಷ್ಷನ್ನು ಸುಳಿಯಗೊಡಲಿಲ್ಲ. ಕೀವು ಬಂತು, ಬಾಯಿ ನಾರಿತು, ಕೊನೆಗೆ ಅಗಿದರೆ ಪ್ರಾಣಹೋಗುವಷ್ಟು ನೋವು. ಆಗ ರೌದ್ರಾವತಾರ ತಾಳಿ, ಸಾಕ್ಷಿಗೆಂದು ಹೆಂಡತಿಯನ್ನೂ ಎಳೆದುಕೊಂಡು ವೈದ್ಯರಲ್ಲಿಗೆ ನುಗ್ಗಿದ.

"ಎಂಥ ಸ್ಕ್ರೂ ಹಾಕಿದ್ದೀರಿ ಡಾಕ್ಟ್ರೇ? ನಾನು ಕಿಟಕಿಗೂ ಇಂಥದ್ದು ಹಾಕಲ್ಲ!"

ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಸ್ಕ್ರೂವಿನ ಸುತ್ತ ಮೂಳೆ ಕರಗಿ ಬಟ್ಟಲಿನಂತೆ ಹಳ್ಳಬಿದ್ದಿತ್ತು. "ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ನನ್ನ ಸ್ಕ್ರೂ ಭದ್ರವಾಗಿದೆ. ನಿಮ್ಮ ಗೋಡೇನೇ ಸರಿಯಿಲ್ಲ. ಕೊಳೆ ತಿಂದುಹಾಕಿದೆ."

ಹೆಂಡತಿ ಬಾಯಿಗೆ ಕೈ ಅಡ್ಡಹಿಡಿದು ಕೆಮ್ಮಿದಳು. (ಅದು ಕೆಮ್ಮಲ್ಲ.)

ವಸಡು ಬಿಡಿಸಿ, ಸ್ಕ್ರೂವನ್ನು ಕೆರೆದು ತೊಳೆದು, ಹೊಲಿಗೆ ಹಾಕಿದ್ದಾಯಿತು. "ಹೋದ ಮೂಳೆ ಪೂರ್ತಿ ವಾಪಸ್ ಬರುತ್ತೆ ಅನ್ನೋಕಾಗಲ್ಲ. ಇರೋದನ್ನ ಉಳಿಸ್ಕೊಳ್ಳಿ," ಎಂದು ವೈದ್ಯರು ಕಡ್ಡಿಯಂಥ ಪುಟ್ಟ ಬ್ರಷ್ಷೊಂದನ್ನು ಕೊಟ್ಟರು. ಉಳಿ ಹಿಡಿದು ಒರಟಾದ ಬೆರಳು ಅದನ್ನು ಮೊದಲ ದಿನವೇ ಮುರಿಯಿತು. ಹೆಂಡತಿ ಹೊಸದೊಂದನ್ನು ತಂದು, ಕಿಟಕಿಯ ಬೆಳಕಿಗೆ ಸ್ಟೂಲು ಹಾಕಿ ಅವನನ್ನು ಕೂರಿಸಿದಳು.

"ಆ ಅನ್ನಿ. ಇನ್ನೂ ದೊಡ್ಡದಾಗಿ. ಕೂಗಾಡುವಾಗ ತೆಗೀತೀರಲ್ಲ, ಅಷ್ಟು."

ಬಾಯಿ ತೆರೆದು ಕೂತವನು ಜಗಳವಾಡಲಾರ ಎಂಬ ಪರಮಸತ್ಯ ಬಡಗಿಗೆ ಸಾಕ್ಷಾತ್ಕಾರವಾದದ್ದು ಆ ಸ್ಟೂಲಿನ ಮೇಲೆ. ಮದುವೆಯಾದಂದಿನಿಂದ ಅರ್ಧಕ್ಕೇ ನಿಂತಿದ್ದ ಮಾತುಗಳನ್ನೆಲ್ಲ ಹೆಂಡತಿ ದಿನಕ್ಕೊಂದರಂತೆ ಮುಗಿಸತೊಡಗಿದಳು. ಚಿಲಕವಿಲ್ಲದ ಬಚ್ಚಲ ಬಾಗಿಲು. ಅವಳ ಅಕ್ಕನ ಎದುರು ಗದರಿದ್ದು. ಒಂದು ಬೆಳಿಗ್ಗೆ ಬ್ರಷ್ಷು ತಿರುಗಿಸುತ್ತಲೇ ಮೆಲ್ಲಗೆ ಅಂದಳು: "ಇಷ್ಟು ವರ್ಷಕ್ಕೆ ನನ್ನ ಮಾತು ಪೂರ್ತಿ ಕೇಳ್ತಿದ್ದೀರಿ. ಅದಕ್ಕೆ ಮೂಳೆ ಕರಗಬೇಕಾಯ್ತು ನೋಡಿ."

ಬಡಗಿ 'ನೀನು ಹೇಳಿದ್ದೇ ಸರಿ ಕಣೇ, ನಾನೇ ಕೇಳಲಿಲ್ಲ' ಎನ್ನಲು ಹೊರಟ.

"ಆ... ಆಆ..."

"ಅಲ್ಲಾಡಬೇಡಿ, ಚುಚ್ಚುತ್ತೆ."

ಮುಗಿಯಿತು. ಬಾಯಿ ಮುಕ್ಕಳಿಸಿದ. ಹೆಂಡತಿ ಎದುರಿಗೇ ನಿಂತಿದ್ದಳು. ಬಾಯಿ ಖಾಲಿ, ನಾಲಿಗೆ ಸ್ವತಂತ್ರ. ಗಂಟಲು ಸರಿಮಾಡಿಕೊಂಡ.

"ನೀರು ಯಾಕೆ ಇಷ್ಟು ತಣ್ಣಗಿದೆ?" ಎಂದು ಗದರಿದ.

ಅವಳು ಲೋಟ ತೊಳೆದು ಬೋರಲಿಟ್ಟಳು.

ಹಲ್ಲು ಹೇಗೋ ನಿಂತಿದೆ. ಬಡಗಿ ದಿನವೂ ಸ್ಟೂಲಿನ ಮೇಲೆ ಆ ಮಾತನ್ನು ಬಾಯಿತುಂಬ ಹೇಳುತ್ತಾನೆ. ಅವಳಿಗೆ "ಆ" ಎಂದಷ್ಟೇ ಕೇಳಿಸುತ್ತದೆ. ಬಾಯಿ ಮುಚ್ಚಿದ ಮೇಲೆ ಅದು ಮತ್ತೆ ಬಾಕಿ.