ಗಾಳಿಗಿರಣಿಗೆ ಐದು ಕಿಲೋ ರಾಗಿ

ಲಂಡನ್ನಿನಲ್ಲಿ ಸಿಗದ ವಸ್ತುವೇ ಇಲ್ಲವೆಂದು ಹೆತ್ತ ತಾಯಿಯ ಮುಂದೆ ಪ್ರತಿಜ್ಞೆ ಮಾಡಿದ ದಿನ ಡಾಕ್ಟರ್ ಲಕ್ಷ್ಮೀಶನ ಗ್ರಹಗತಿ ಕೆಟ್ಟಿದ್ದಿರಬೇಕು. ೧೯೯೭ರ ಬೇಸಿಗೆ. ಮೈಸೂರಿನಿಂದ ಬಂದಿದ್ದ ಸುಬ್ಬಲಕ್ಷಮ್ಮನವರು ಲಂಡನ್ನಿನ ಅಂಚಿನ ಸಟನ್ನಿನಲ್ಲಿದ್ದ ಮಗನ ಮನೆಯಲ್ಲಿ ಎಲ್ಲವನ್ನೂ ಒಪ್ಪಿದ್ದರು. ಪೊಟ್ಟಣದ ರಾಗಿಹಿಟ್ಟನ್ನು ಮಾತ್ರ ಒಪ್ಪಲಿಲ್ಲ. ಬೀಸಿ ಆರು ತಿಂಗಳಾದ ಧೂಳು ಅದು ಎಂದುಬಿಟ್ಟರು. ಪ್ರತಿ ಭಾನುವಾರ ಸಂಜೆ ಅವರು ಮೈಸೂರಿನ ತಂಗಿ ಶೋಭಾಗೆ ಫೋನಿನಲ್ಲಿ ವರದಿ ಒಪ್ಪಿಸುವರು. ಅದು ಸೋಮವಾರದೊಳಗೆ ಇಡೀ ಬಳಗಕ್ಕೆ ಮುಟ್ಟುವುದು. ಆ ವರದಿಯಲ್ಲಿ ತನಗೊಂದು 'ಭೇಷ್' ಬೀಳಬೇಕೆಂಬುದು ಲಕ್ಷ್ಮೀಶನ ಮಹದಾಸೆ.

ಹತ್ತಿರದಲ್ಲೇ ಒಂದು ಪುರಾತನ ಗಾಳಿಗಿರಣಿ ಇದೆಯೆಂದು ಅವನು ಎಲ್ಲೋ ಓದಿದ್ದ. ಸರಿ, ವೆಂಬ್ಲಿಯ ಇಂಡಿಯನ್ ಅಂಗಡಿಯಿಂದ ಐದು ಕಿಲೋ ರಾಗಿ ಬಂತು!

"ರೀ, ಮೊದಲು ಫೋನ್ ಮಾಡಿ ಕೇಳಿ," ಎಂದಳು ಹೆಂಡತಿ ವೈದೇಹಿ.

"ಹಿಟ್ಟು ಬೀಸೋಕೆ ಯಾರಾದರೂ ಅಪಾಯಿಂಟ್‌ಮೆಂಟ್ ತಗೋತಾರೇನೇ?"

ಭಾನುವಾರ ಬೆಳಿಗ್ಗೆ ಒಂದು ರೈಲು, ಎರಡು ಬಸ್ಸು. ರಾಗಿಚೀಲ ಲಕ್ಷ್ಮೀಶನ ಹೆಗಲ ಮೇಲೆ, ತಾಯಿಯೂ ವೈದೇಹಿಯೂ ಪಕ್ಕದಲ್ಲಿ. ಒಂಬತ್ತು ವರ್ಷದ ಮಗಳು ಗಾರ್ಗಿ, ಈ ಗೃಹಸ್ಥ ಯಾರೋ ತನಗೆ ತಿಳಿಯದೆಂಬಂತೆ ಹತ್ತು ಮಾರು ಹಿಂದೆ.

ಗಿರಣಿಯೇನೋ ಭವ್ಯವಾಗಿತ್ತು. ನಾಲ್ಕು ಬಿಳಿ ರೆಕ್ಕೆಗಳು ಕೈ ಚಾಚಿ ಕರೆಯುತ್ತಿದ್ದವು. ಲಕ್ಷ್ಮೀಶ ಚೀಲವನ್ನು ಟಿಕೆಟ್ ಮೇಜಿನ ಮೇಲೆ ಧೊಪ್ಪನೆ ಇಳಿಸಿ, ಹಿಟ್ಟಿಗೆ ಎಷ್ಟು ಹೊತ್ತಿಗೆ ಬರಲಿ ಎಂದು ವಿಚಾರಿಸಿದ. ಟೈ ಕಟ್ಟಿದ್ದ ವೃದ್ಧರು ಚೀಲದೊಳಗೆ ಇಣುಕಿ, ತಾವು ಯಾವ ಜಾತಿಯ ಹಕ್ಕಿ ಸಾಕಿದ್ದೀರಿ ಎಂದು ಬಹಳ ವಿನಯದಿಂದ ಕೇಳಿದರು. ಗಿರಣಿ ನಿಂತು ನೂರು ವರ್ಷವಾಯಿತೆಂದೂ, ರೆಕ್ಕೆಗಳನ್ನು ಬೋಲ್ಟ್ ಹಾಕಿ ಬಿಗಿದಿದ್ದಾರೆಂದೂ ತಿಳಿಸಿದರು.

ಲಕ್ಷ್ಮೀಶನ ಎದೆಯೂ ಅಲ್ಲೇ ನಿಂತಿತು.

"ಏನಂತೋ?" ಎಂದರು ತಾಯಿ.

"ಕರೆಂಟ್ ಇಲ್ವಂತಮ್ಮ."

"ಗಾಳಿಗಿರಣಿಗೆ ಕರೆಂಟ್ ಯಾತಕ್ಕೋ?"

"ಅಲ್ಲ, ಗಾಳಿ ಇಲ್ವಂತೆ."

ಆ ಕ್ಷಣದಲ್ಲೇ ಬೀಸಿದ ಗಾಳಿಗೆ ಸುಬ್ಬಲಕ್ಷಮ್ಮನವರ ಸೆರಗು ಹಾರಿ ಮಗನ ಮುಖಕ್ಕೇ ಬಡಿಯಿತು. ಗಾರ್ಗಿ ಮುಂದೆ ಬಂದು, "ನೋ ಅಜ್ಜಿ, ಇಟ್ಸ್ ಎ ಮ್ಯೂಸಿಯಂ," ಎಂದು ತಂದೆಯ ಮಾನವನ್ನು ಒಂದೇ ಮಾತಿನಲ್ಲಿ ಮುಗಿಸಿದಳು.

ಅಜ್ಜಿಯ ಕಣ್ಣು ಆಗಲೇ ಮೂಲೆಯೊಂದರಲ್ಲಿ ನೆಟ್ಟಿತ್ತು. ಮಕ್ಕಳು ಗೋಧಿ ಬೀಸಿ ನೋಡಲೆಂದು ಅಲ್ಲೊಂದು ಪುಟ್ಟ ಬೀಸುವ ಕಲ್ಲು ಇಟ್ಟಿದ್ದರು.

"ಇದೆಯಲ್ಲೋ! ಕೂತ್ಕೋ."

ಲಕ್ಷ್ಮೀಶ ವೈದೇಹಿಯ ಕಡೆ ದೀನನಾಗಿ ನೋಡಿದ. ಅವಳು ಗೋಡೆಯ ಮೇಲಿನ ಗಿರಣಿಯ ಇತಿಹಾಸವನ್ನು ಎಂದಿಲ್ಲದ ಶ್ರದ್ಧೆಯಿಂದ ಓದುತ್ತಿದ್ದಳು. ಆಸ್ಪತ್ರೆಯಲ್ಲಿ ಕಂಡೊಡನೆ ಹತ್ತು ಜನ ಎದ್ದು ನಿಲ್ಲುವ ಡಾಕ್ಟರ್ ಮಕ್ಕಳ ಮಣೆಯ ಮೇಲೆ ಕುಕ್ಕರಿಸಿ, ಗೂಟ ಹಿಡಿದು ತಿರುಗಿಸತೊಡಗಿದ. ಸರದಿಗಾಗಿ ಕಾದ ಏಳು ಮಕ್ಕಳು ಅವನನ್ನೇ ದಿಟ್ಟಿಸುತ್ತಿದ್ದವು. ಮುಕ್ಕಾಲು ಗಂಟೆಯಲ್ಲಿ ಅಂಗೈ ಕೆಂಪಾಯಿತು, ಷರಟು ತೊಯ್ದಿತು, ಒಂದು ಹಿಡಿ ಹಿಟ್ಟು ಬಂತು.

ಸಂಜೆ ಮನೆಗೆ ಬಂದ ಮೇಲೆ ಅದರಲ್ಲಿ ಪೂರಿಯಷ್ಟಗಲದ ಒಂದೇ ರೊಟ್ಟಿಯಾಯಿತು. ತಾಯಿ ಅದನ್ನು ಕಣ್ಣುಮುಚ್ಚಿ, ಚೂರೂ ಬಿಡದೆ ತಿಂದರು. ಆಮೇಲೆ ಫೋನಿಗೆ ಕುಳಿತರು. ಲಕ್ಷ್ಮೀಶ ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತ.

"ಹೊಸ ಹಿಟ್ಟು ಸಿಕ್ತು ಕಣೇ ಶೋಭಾ," ಎನ್ನುತ್ತಿದ್ದರು ಅವರು. "ಇಲ್ಲಿ ಗಿರಣೀಲಿ ಡಾಕ್ಟರೇ ಕೂತು ಬೀಸೋದು. ಆದರೆ ನಮ್ಮ ಬೀದಿ ಗಿರಣಿ ಸಿದ್ದಲಿಂಗಪ್ಪನ ಥರ ನುಣ್ಣಗೆ ಬರೋಲ್ಲ. ಅವನು ಕಸುಬು ಕಲಿತವನು, ಇದು ಪಾಪ, ಬರೀ ಓದಿದ್ದು."