ಬಾಗಿಲು ತೆಗೆಯದ ಮೋಟಾರು

ಆಸೆ ಅನ್ನುವುದು ಗಜ್ಜಿ ಇದ್ದಂತೆ. ಎಲ್ಲಿ ಅಂಟಿತೆಂದು ಹೇಳುವುದು ಕಷ್ಟ, ಕೆರೆದಷ್ಟೂ ಹಿತ. ಆದರೆ ಗೋಕಾಕದ ಶಿದ್ರಾಮನಿಗೆ ತನ್ನ ಆಸೆ ಅಂಟಿದ ಜಾಗ, ಹೊತ್ತು, ಹವೆ ಮೂರೂ ನೆನಪಿದ್ದವು. ಜಾಗ, ಮೂಡಲಗಿಗೆ ಎರಡು ಮೈಲು ಈಚೆ ಹರಿಯುವ ಹಳ್ಳ. ಹೊತ್ತು, ಕುರಿಗಳನ್ನು ನೀರಿಗೆ ಬಿಡುವ ಹೊತ್ತು. ಹವೆ, ಶ್ರಾವಣದ ಜಿಟಿಜಿಟಿ. ಆಗ ಅವನಿಗೆ ಒಂಬತ್ತು ವರ್ಷ, ಅಪ್ಪನ ಕುರಿಹಟ್ಟಿ ಆ ಹಳ್ಳದ ಹತ್ತಿರವೇ ಇತ್ತು.

ಆ ದಿನ ಹುಕ್ಕೇರಿಯ ದೇಸಾಯರ ಮೋಟಾರು ಹಳ್ಳದ ನಡುವೆ ಹೂತು ನಿಂತಿತ್ತು. ಶಿದ್ರಾಮ ಅಲ್ಲಿಯವರೆಗೆ ಮೋಟಾರು ಕಂಡವನಲ್ಲ. ಪಾಪ, ನೀರು ಕುಡಿಯಲು ಇಳಿದಿರಬೇಕು ಅಂದುಕೊಂಡ. (ಕುರುಬರ ಹುಡುಗನಿಗೆ ಹಳ್ಳದಲ್ಲಿ ನಿಂತದ್ದೆಲ್ಲ ನೀರು ಕುಡಿಯುವುದಕ್ಕೇ ನಿಂತಂತೆ.) ಗಾಲಿಗಳು ತಿರುಗಿದವೇ ಹೊರತು ಗಾಡಿ ಮಿಸುಕಲಿಲ್ಲ. ಹುಡುಗ ಹೆಗಲ ಮೇಲಿದ್ದ ಅಪ್ಪನ ಕಂಬಳಿ ತೆಗೆದು ಗಾಲಿಯ ಕೆಳಗೆ ಹಾಸಿದ. ಹಿಂದೆ ಹೋಗಿ ಹೆಗಲು ಕೊಟ್ಟು ದೂಡಿದ. ಮೋಟಾರು ಒಮ್ಮೆ ಗುಟುರು ಹಾಕಿ, ಅವನ ಮುಖಕ್ಕೆ ಒಂದು ಸೇರು ಕೆಸರು ಸಂಭಾವನೆ ಕೊಟ್ಟು, ದಂಡೆ ಹತ್ತಿತು. ದೇಸಾಯರು ತಿರುಗಿ ನೋಡಿ, "ಭೇಷ್ ತಮ್ಮಾ! ಬರೂಮುಂದ ಕುಂಡ್ರಸ್ತೇನಿ, ಅಲ್ಲೇ ಇರು!" ಅಂದರು.

ಶಿದ್ರಾಮ ಅಲ್ಲೇ ಇದ್ದ. ಕಾದು ಬೇಸತ್ತು ಕುರಿಗಳು ತಾವಾಗಿಯೇ ಮನೆಗೆ ಹೋದವು. ಹೊತ್ತು ಮುಳುಗಿತು. ದೇಸಾಯರು ಬೇರೆ ದಾರಿಯಿಂದ ಹುಕ್ಕೇರಿ ಮುಟ್ಟಿ, ಉಂಡು, ಮಲಗಿಯೂ ಆಗಿತ್ತು. ಮನೆಯಲ್ಲಿ ಅಪ್ಪ ಹರಿದ ಕಂಬಳಿಗೆ ಹೊಲಿಗೆ ಹಾಕುವ ಮೊದಲು ಮಗನಿಗೆ ಬಾರಕೋಲು ಹಾಕಿದ.

ಅಂದು ಅಂಟಿದ ಆಸೆ ಇಷ್ಟೇ: ಆ ಹಳ್ಳವನ್ನು ಆ ಮೋಟಾರಿನಲ್ಲಿ ಕೂತು ದಾಟಬೇಕು. ಬೇರೆ ಮೋಟಾರು ಬೇಡ, ಬೇರೆ ಹಳ್ಳವೂ ಬೇಡ.

ಮದುವೆಯಾಗಿ ಬಂದ ಮೂರನೆಯ ದಿನವೇ ದುಂಡವ್ವ ಈ ಕತೆ ಕೇಳಿದಳು. ಮುಂದೆ ಇಪ್ಪತ್ತು ವರ್ಷ, ಅಮಾವಾಸ್ಯೆ ತಪ್ಪಿದರೂ ಕತೆ ತಪ್ಪಲಿಲ್ಲ. ಹೇಳಿದಂತೆಲ್ಲ ಹಳ್ಳದ ಕೆಸರು ಏರುತ್ತ ಹೋಯಿತು. ಮೊದಲು ಮೊಣಕಾಲಿಗಿದ್ದದ್ದು ಮೊದಲ ಮಗಳು ಹುಟ್ಟುವ ಹೊತ್ತಿಗೆ ಸೊಂಟಕ್ಕೆ ಬಂತು, ಆಕೆಯ ಮದುವೆಯ ಹೊತ್ತಿಗೆ ಎದೆಮಟ್ಟ.

"ಇನ್ನ ಹತ್ತ ವರ್ಷ ಹೇಳಿದ್ರ ಮುಳುಗೇ ಹೊಕ್ಕೀರಿ ನೋಡ್ರಿ," ಅನ್ನುತ್ತಿದ್ದಳು ದುಂಡವ್ವ ರೊಟ್ಟಿ ಬಡಿಯುತ್ತ. "ನನ್ನ ಕುಂಕುಮಾ ಅಳಸೂಕಿಂತ ಮೊದ್ಲ ಆ ಹಳ್ಳಾ ದಾಟ್ರಿ ಒಮ್ಮೆ."

ದಾಟುವ ಯೋಗ ಕೂಡಿಬಂದದ್ದು ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ವರ್ಷ. ಶಿದ್ರಾಮ ಆಗ ನೂಲಿನ ಗಿರಣಿಯಲ್ಲಿ ಫಿಟ್ಟರು. ದೇಸಾಯರು ತೀರಿಕೊಂಡು ಬಹಳ ದಿನವಾಗಿತ್ತು. ಅವರ ಮಗ ಮೋಟಾರಿನ ಕೊಟ್ಟಿಗೆಯಲ್ಲಿ ಹಿಟ್ಟಿನ ಗಿರಣಿ ಹಾಕುವವನಿದ್ದ. "ಕೆಟ್ಟ ಎಂಜಿನ್ ಒಂದ ತಂದೇನಿ. ಅದನ್ನ ರಿಪೇರಿ ಮಾಡಿಕೊಡು, ಈ ಹಳೇದನ್ನ ಒಯ್ಯಿ. ನನಗ ಜಾಗಾ ಖಾಲಿ ಆದ್ರ ಸಾಕು," ಅಂದ. ಹನ್ನೊಂದು ಭಾನುವಾರ ಶಿದ್ರಾಮ ಹುಕ್ಕೇರಿಗೆ ಹೋಗಿ ಹಿಟ್ಟಿನ ಎಂಜಿನ್ನಿಗೆ ಜೀವ ತುಂಬಿದ. ಹನ್ನೆರಡನೆಯ ಭಾನುವಾರ ಮೋಟಾರು ಗೋಕಾಕಕ್ಕೆ ಬಂತು, ಮೂರು ಚಕ್ಕಡಿಗಳಲ್ಲಿ. ಒಂದರಲ್ಲಿ ಎಂಜಿನ್ನು, ಒಂದರಲ್ಲಿ ಗಾಲಿ ಮತ್ತು ಅಡಿಗಟ್ಟು, ಮೂರನೆಯದರಲ್ಲಿ ಹಿಂದಿನ ಸೀಟು. ಸೀಟಿನ ಮೇಲೆ ಕಾವು ಕೂತ ಒಂದು ಕೋಳಿ. ಏಳಿಸಿದರೆ ಪಾಪ ಬಂದೀತೆಂದು ಅದನ್ನೂ ತಂದಿದ್ದ. ಮೈಕಟ್ಟಿನ ಉಳಿದ ಮರವನ್ನೆಲ್ಲ ಗೆದ್ದಲು ಆಗಲೇ ಮುಗಿಸಿ ಕೈತೊಳೆದುಕೊಂಡಿತ್ತು.

ದುಂಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಬಂದಳು.

"ಮೋಟಾರ ತರ್ತೇನಿ ಅಂತ ಹೋಗಿ ಮೋಟಾರಿನ ಎಲುಬ ತಂದೀರಲ್ರೀ!"

"ಎಲುಬ ಗಟ್ಟಿ ಇದ್ರ ಮಾಂಸಾ ತುಂಬಬಹುದು ಬಿಡ."

"ನನ್ನ ಸಗಣಿ ಕುಳ್ಳ ಬಡಿಯೂ ಜಾಗಾದಾಗ ಇಳಸಾಕತ್ತೀರಿ. ಇನ್ನ ಕುಳ್ಳ ಎಲ್ಲಿ ಬಡೀಲಿ, ನಿಮ್ಮ ಬೆನ್ನ ಮ್ಯಾಲೆ?"

"ಬರೂ ಪಂಚಮಿಗೆ ನಿನ್ನ ಇದರಾಗ ಕುಂಡ್ರಿಸಿಕೊಂಡ ತವರಮನಿಗೆ ಒಯ್ಯತೇನಿ. ನಿಮ್ಮಣ್ಣಗ ಹೇಳಿ ಕಳಸು, ಚಕ್ಕಡಿ ತರಬ್ಯಾಡ ಅಂತ."

ದುಂಡವ್ವನ ತವರು ಮೂಡಲಗಿ. ಪ್ರತಿ ಪಂಚಮಿಗೂ ಅಣ್ಣ ಉದ್ದಪ್ಪ ಚಕ್ಕಡಿ ಕಟ್ಟಿಕೊಂಡು ಕರೆಯಲು ಬರುತ್ತಿದ್ದ. ಅವಳು ಎಲುಬುಗಳ ಕಡೆ ನೋಡಿದಳು, ಗಂಡನ ಮುಖದ ಕಡೆ ನೋಡಿದಳು. ಇಪ್ಪತ್ತು ವರ್ಷದ ಕೆಸರು ತೊಳೆದು, ಒಂಬತ್ತು ವರ್ಷದ ಹುಡುಗನೊಬ್ಬ ಅಲ್ಲಿ ನಿಂತಿದ್ದ. "ಯಾವ ಪಂಚಮಿಗೆ ಅನ್ನೂದ ಹೇಳ್ರಿ ಮೊದ್ಲ," ಎಂದು ಗೊಣಗಿ, ಕೋಳಿಗೆ ನೀರಿಟ್ಟಳು.

ಒಂದು ಪಂಚಮಿ ಹೋಯಿತು. ಎರಡನೆಯದರ ಹೊತ್ತಿಗೆ ಎಂಜಿನ್ನು ಕೆಮ್ಮಿತು. ಅದರ ಮೊದಲ ಕೆಮ್ಮಿಗೆ ಓಣಿಯ ಎಮ್ಮೆಗಳೆಲ್ಲ ಮೂರು ದಿನ ಹಾಲು ಏರಿಸಿಕೊಂಡವು. ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಬಂತೆಂದು ಯಾರೋ ಟಿಕೀಟು ತೆಗೆಸಿದರಂತೆ. ಇನ್ನು ಉಳಿದದ್ದು ಮೈಕಟ್ಟು. ಬಡಿಗೇರನನ್ನು ಕೇಳಿದರೆ, "ಚಕ್ಕಡಿ ಮಾಡಂದ್ರ ಮಾಡ್ತೇನಿ, ನೊಗಾ ಬ್ಯಾಡ ಅಂದ್ರ ನನ್ನ ಕೈ ಓಡೂದಿಲ್ಲ," ಅಂದ. ಕೊನೆಗೆ ಶಿದ್ರಾಮ ಹಿಡಿದದ್ದು ಹಿಂದಿನ ಓಣಿಯ ಬೊಂಬೆ ಅಲ್ಲಪ್ಪನನ್ನು.

ಗೋಕಾಕದ ಬೊಂಬೆ ಯಾರಿಗೆ ಗೊತ್ತಿಲ್ಲ? ಅಲ್ಲಪ್ಪ ಮಾಡಿದ ಮರದ ಮಾವಿನಹಣ್ಣನ್ನು ಕಚ್ಚಿ ಹಲ್ಲು ಕಳೆದುಕೊಂಡ ಬೀಗರು ನಾಲ್ಕು ಊರಲ್ಲಿದ್ದರು. ಗಿಣಿ, ಬಾಳೆಗೊನೆ, ಪೊಲೀಸ, ಮೋಟಾರು, ಅವನ ಕೈಯಲ್ಲಿ ಆಗದ್ದು ಯಾವುದೂ ಇರಲಿಲ್ಲ. ಮೊದಲು ಅಂಗೈಯಗಲದ ಮಾದರಿಯೊಂದನ್ನು ಮಾಡಿ ತಂದ. ಕೆಂಪು ಮೈ, ಹಳದಿ ಅಂಚು, ಮುಂದೆ ಮೀಸೆ ಹೊತ್ತ ಡ್ರೈವರು, ಹಿಂದೆ ಸೆರಗು ಹೊದ್ದ ಹೆಂಗಸು. "ಇದನ್ನ ದೊಡ್ಡದ ಮಾಡಿದ್ರ ಆತಲ್ರೀ?" ಅಂದ. ಶಿದ್ರಾಮನಿಗೆ ಕಣ್ಣು ತುಂಬಿ ಬಂದು, "ಹೂಂ, ಹಿಂಗ ಇರ್ಲಿ. ಕೂದಲೆಳಿ ಸೈತ ಬದಲ ಮಾಡಬ್ಯಾಡ," ಅಂದುಬಿಟ್ಟ.

ಅಲ್ಲಪ್ಪ ಮಾತಿಗೆ ತಪ್ಪುವವನಲ್ಲ. ಎರಡು ತಿಂಗಳು ಹಗುರ ಮರ ಕೊರೆದ. ಸಂದುಗಳನ್ನೂ ತಳವನ್ನೂ ಹುಣಸೆಬೀಜದ ಅಂಟು, ಕಟ್ಟಿಗೆ ಪುಡಿ ಕಲಸಿ ಬೆಸೆದ. ಬಣ್ಣ ಹಚ್ಚಿದ. ದೀಪಗಳಿಗೆ ರೆಪ್ಪೆ ಬರೆದ, ಬೆನ್ನಿಗೆ ಒಂದು ಗಿಣಿ. ಮೂರನೆಯ ಪಂಚಮಿಗೆ ಎಂಟು ದಿನ ಇರುವಾಗ ಮುಚ್ಚಿದ್ದ ಗೋಣಿತಟ್ಟು ಸರಿಸಿದರು. ಓಣಿಯ ಜನ "ಅಹಹಾ" ಅಂದರು. ಶಿದ್ರಾಮ ಬಾಗಿಲ ಹಿಡಿಕೆಗೆ ಕೈ ಹಾಕಿದ. ಕೈ ಜಾರಿತು. ಮತ್ತೆ ಹಾಕಿದ. ಉಗುರಿಗೆ ಬಣ್ಣ ಬಂತು.

"ಅಲ್ಲಪ್ಪಾ, ಬಾಗಲಾ ತಗ್ಯಾಕ ಬರವಲ್ದಲ್ಲೋ!"

"ಅದು ತಗ್ಯೂದಲ್ರೀ, ನೋಡೂದು."

"ನೋಡೂ ಬಾಗಲಾ?"

"ಮೂರ ತಲಿಯಿಂದ ಮೋಟಾರ ಮಾಡೇವ್ರಿ ನಾವು. ಒಬ್ಬ ಗಿರಾಕಿನೂ ಬಾಗಲಾ ತಗೀ ಅಂದಿಲ್ಲ. ನೀವ ಕೂದಲೆಳಿ ಬದಲ ಮಾಡಬ್ಯಾಡ ಅಂದ್ರಿ. ಡ್ರೈವರನ ಕೆತ್ತಿಲ್ಲ ಅನ್ನೂದಕ್ಕ ಖುಷಿ ಪಡ್ರಿ."

ದುಂಡವ್ವ ಅಷ್ಟರಲ್ಲಿ ತಳವನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು. "ಇದಕ್ಕ ನೀರ ತಾಕಿದ್ರ ಹೆಂಗ ಅಣ್ಣಾ?"

"ಬೊಂಬಿಗೆ ಯಾರ ಜಳಕಾ ಮಾಡಸ್ತಾರವಾ!" ಎಂದು ಅಲ್ಲಪ್ಪ ನಕ್ಕ.

ಪಂಚಮಿಗೆ ಎರಡು ದಿನ ಮುಂಚೆ ಸ್ಟೂಲಿನ ಮೇಲೆ ಕಾಲಿಟ್ಟು ದುಂಡವ್ವ ಬಾಗಿಲ ಚಿತ್ರವನ್ನು ದಾಟಿ ಒಳಗಿಳಿದಳು. ಮಡಿಲಲ್ಲಿ ಉಂಡಿಯ ಡಬ್ಬಿ, ಸೀಟಿನ ಮೇಲೆ ತವರಿನಿಂದ ಬಂದ ಹೊಸ ಕಂಬಳಿ. ಲೋಳಸೂರ ದಾಟಿತು, ಅರಭಾವಿ ದಾಟಿತು. ದಾರಿಯಲ್ಲಿ ಒಬ್ಬ ಮುದುಕ ಮೋಟಾರಿಗೆ ಕೈಮುಗಿದ. ದೀಪದ ರೆಪ್ಪೆ ನೋಡಿ ಅಮ್ಮನ ಸವಾರಿ ಅಂದುಕೊಂಡಿರಬೇಕು. ಶಿದ್ರಾಮ ಸೆಟೆದು ಕೂತಿದ್ದ. ಆಮೇಲೆ ಹಳ್ಳ ಬಂತು.

ಹಳ್ಳಗಳಿಗೂ ನೆನಪಿರುತ್ತದೆ ಅಂತ ಕಾಣುತ್ತದೆ. ಅದೇ ಜಿಟಿಜಿಟಿ, ಅದೇ ನಡುನೀರು, ಅದೇ ಗಾಲಿ. ಮೋಟಾರು ಹೂತು ನಿಂತಿತು. ಅರ್ಧ ತಾಸು ಶಿದ್ರಾಮ ಏನೆಲ್ಲ ಮಾಡಿದ, ಏನೆಲ್ಲ ಬೈದ.

"ನೀವ ಸ್ಟೇರಿಂಗ ಹಿಡೀರಿ, ನಾ ದೂಡ್ತೇನಿ," ಅಂದಳು ದುಂಡವ್ವ.

"ಹೆಂಡ್ತಿ ದೂಡಿದ್ಲು, ಗಂಡ ಕುಂತಿದ್ದ ಅಂತ ಮೂಡಲಗ್ಯಾಗ ಡಂಗುರಾ ಹೊಡಸ್ತೀ? ನೀ ಮುಂದ ಕುಂಡ್ರು. ಗಟ್ಟ್ಯಾಗಿ ಸೀದಾ ಹಿಡಿ. ನಾ ಹೂಂ ಅಂದ ಕೂಡ್ಲೆ ಈ ಕಡ್ಡಿ ಕೆಳಗ ಜಗ್ಗು."

"ಜಗ್ಗಿ?"

"ಜಗ್ಗು ಅಂದ್ರ ಜಗ್ಗಾ!"

(ಮೇಲೆ ಸರಿಸಿದರೆ ನಿಲ್ಲುತ್ತದೆ ಎಂಬುದನ್ನು ಅವನು ಹೇಳಲಿಲ್ಲ. ಮೂವತ್ತು ವರ್ಷ ಓಡಿಸುವುದನ್ನೇ ಕನಸು ಕಂಡವನಿಗೆ ನಿಲ್ಲಿಸುವುದು ಹೊಳೆಯಲೇ ಇಲ್ಲ.)

ಅವಳು ಕೇಳದೆಯೇ ಕಂಬಳಿ ಎಸೆದಳು. "ಹಾಸ್ರಿ. ಕತಿ ನನಗೂ ಗೊತ್ತೈತಿ."

ಅವನು ಹಾಸಿದ, ಹೆಗಲು ಕೊಟ್ಟ, ಹೂಂ ಅಂದ. ಮೋಟಾರು ಗುಟುರು ಹಾಕಿತು. ಮುಖಕ್ಕೆ ಸೇರಲ್ಲ, ಮಣ ಕೆಸರು ಬಡಿಯಿತು. ಕಣ್ಣೊರೆಸಿ ನೋಡುವಷ್ಟರಲ್ಲಿ ಗಿಣಿ ಬರೆದ ಬೆನ್ನು ದಂಡೆ ಹತ್ತಿ ಮೂಡಲಗಿಯ ದಿಕ್ಕಿಗೆ ಹಾರುತ್ತಿತ್ತು.

"ನಿಂದ್ರಸಾ!"

"ಹೆಂಗ ನಿಂದ್ರಸೂದ್ರೀ?" ಎಂಬ ಕೂಗು ಬಂತು. ಅದರ ಹಿಂದೆಯೇ, ಅರ್ಧ ಗಾಬರಿ, ಅರ್ಧ ನಗು: "ಬರೂಮುಂದ ಕುಂಡ್ರಸ್ತೇನ್ರೀ, ಅಲ್ಲೇ ಇರ್ರಿ!"

ಅವನು ಹತ್ತು ಮಾರು ಓಡಿದ. ಆಮೇಲೆ ಯಾಕೋ ಕಾಲು ತಾವೇ ನಿಂತವು. ಎರಡು ಮೈಲು ನಡೆಯಬಹುದಿತ್ತು. ನಡೆಯಲಿಲ್ಲ. ದಂಡೆಯ ಮೇಲೆ ಹಿಂದೆ ಕೂತಿದ್ದ ಕಲ್ಲೇ ಇತ್ತು, ಸ್ವಲ್ಪ ಸಣ್ಣದಾದಂತೆ ಕಂಡಿತು. ಕೂತ. ಮೊಣಕಾಲ ಮೇಲೆ ಹರಿದ ಕಂಬಳಿ. ಬಡಿಯಲು ಅಪ್ಪ ಇರಲಿಲ್ಲ. ಅದೊಂದು ಕ್ಷಣ ಎದೆಗೆ ತಾಕಿತು.

ಕೂತವನಿಗೆ ಮೂವತ್ತು ವರ್ಷದಲ್ಲಿ ಬಾರದ ಒಂದು ವಿಚಾರ ಬಂತು. ದೇಸಾಯರು ಸುಳ್ಳು ಹೇಳಿದರೆಂದೇ ಅವನು ನಂಬಿದ್ದ. ಆದರೆ ಓಡಲು ಹತ್ತಿದ ಬಂಡಿಯ ಮೇಲೆ ಕೂತವರಿಗೆ ಹಿಂದೆ ನಿಂತವರು ಎಷ್ಟು ಬೇಗ ಸಣ್ಣಗಾಗುತ್ತಾರೋ! ಬರುವಾಗ ಅನ್ನುವ ಮಾತನ್ನು ಅವರೂ ನಿಜವಾಗಿಯೇ ಆಡಿರಬೇಕು. ನಿಲ್ಲಿಸುವ ಕಡ್ಡಿ ಯಾವುದೆಂದು ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ. ಹೀಗೆ ದೇಸಾಯರನ್ನು ಕ್ಷಮಿಸುತ್ತ ಕ್ಷಮಿಸುತ್ತ ಅವನಿಗೆ ಇನ್ನೊಂದು ಹೆದರಿಕೆ ಹುಟ್ಟಿತು: ದುಂಡವ್ವನೂ ಬಾರದೆ ಹೋದರೆ? ಮೂಡಲಗಿಯಿಂದ ಗೋಕಾಕಕ್ಕೆ ಬೇರೆ ದಾರಿಯೂ ಇತ್ತು.

ಹೊತ್ತು ಇಳಿಯತೊಡಗಿದಾಗ ಗೆಜ್ಜೆ ಸದ್ದು ಕೇಳಿತು. ಮೋಟಾರಿಗೆ ಗೆಜ್ಜೆ ಎಲ್ಲಿಯವು? ತಿರುವಿನಲ್ಲಿ ಮೊದಲು ಎರಡು ಜೊತೆ ಕೊಂಬು ಕಂಡವು, ಆಮೇಲೆ ಉದ್ದಪ್ಪ ತಲೆಗೆ ಸುತ್ತಿದ ಪಟಗಾ, ಅದರ ಹಿಂದೆ ರೆಪ್ಪೆ ಬರೆದ ದೀಪಗಳು, ಅವುಗಳ ಹಿಂದೆ ಸ್ಟೇರಿಂಗು ಹಿಡಿದು ಸೆಟೆದು ಕೂತ ದುಂಡವ್ವ. ತಲೆಯ ತುಂಬ ಕಣಕಿ ಹುಲ್ಲು.

"ಅಣ್ಣನ ಬಣವಿಗೆ ಹೋಗಿ ನಿಂತಿತ್ರೀ," ಅಂದಳು. "ಬಾಗಲಾ ಇದ್ರಲ್ಲಾ ಇಳ್ಯಾಕ! ಅಲ್ಲೇ ಕುಂತ ಉಂಡಿ ಹಂಚಿ, ಅಲ್ಲೇ ಕುಂತ ಚಾ ಕುಡದು, ಅಲ್ಲಿಂದನ ಹೊಂಟ ಬಂದೇನಿ."

"ಏನ ಭಾವಾ," ಉದ್ದಪ್ಪ ಎತ್ತುಗಳನ್ನು ದಂಡೆಯಲ್ಲಿ ನಿಲ್ಲಿಸುತ್ತ ಹಲ್ಲು ಕಿರಿದ, "ಚಕ್ಕಡಿ ತರಬ್ಯಾಡ ಅಂತ ಹೇಳಿ ಕಳಿಸಿದ್ದಿ. ನಾ ಚಕ್ಕಡಿ ತಂದಿಲ್ಲ ನೋಡು, ಬರೇ ಎತ್ತ ತಂದೇನಿ."

"ಹತ್ರಿ," ಅಂದಳು ದುಂಡವ್ವ. ದನಿ ಈಗ ಬೇರೆಯಿತ್ತು. "ಇಡೀ ಮೂಡಲಗಿ ನಾಳೆ ಹೋಗು ಅಂತು. ಮಾತ ಕೊಟ್ಟೇನಿ ಅಂದ್ನಿ. ಹಿಂದ ಕುಂಡ್ರಿ, ಹಳ್ಳಾ ದಾಟಸ್ತೇನಿ. ಆ ದಂಡಿಗೆ ಹೋಗಿ, ತಿರುಗಿ ಈ ದಂಡಿಗೆ ಬಂದ್ರಾತು."

ಶಿದ್ರಾಮ ಬಾಗಿಲ ಚಿತ್ರದ ಮೇಲೆ ಕಾಲಿಟ್ಟು ಹತ್ತಿದ. ಹಿಂದಿನ ಸೀಟಿನಲ್ಲಿ ಕೂತು, ಹರಿದ ಕಂಬಳಿಯನ್ನು ಶಾಲಿನಂತೆ ಹೊದ್ದ. ಎತ್ತುಗಳು ನೀರಿಗಿಳಿದವು. ಜೀವಮಾನದಲ್ಲಿ ಇಷ್ಟು ಮೆಲ್ಲಗೆ ಯಾವ ಸುಖವೂ ಬಂದಿರಲಿಲ್ಲ ಅವನಿಗೆ. ಕಣ್ಣು ಮುಚ್ಚಿದ.

ನಡುನೀರಿನಲ್ಲಿ ಹುಣಸೆಬೀಜದ ಅಂಟು ತನ್ನ ಧರ್ಮ ನೆನಪಿಸಿಕೊಂಡಿತು. ಮುಂಜಾನೆಯ ಅರ್ಧ ತಾಸಿನ ನೆನೆತ, ಈಗಿನದು ಸೇರಿ, ಹಿಂದಿನ ತಳ ಸೀಟಿನ ಸಮೇತ ಸದ್ದಿಲ್ಲದೆ ಕಳಚಿ ತೇಲಿ ಹೋಯಿತು. ಶಿದ್ರಾಮ ಕಣ್ಣು ತೆರೆದಾಗ ಮೋಟಾರಿನ ಒಳಗೇ ಇದ್ದ, ಆದರೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಎತ್ತುಗಳು ನಿಲ್ಲಲಿಲ್ಲ. ಅವನು ಎರಡೂ ಬಾಜೂ ಹಿಡಿದುಕೊಂಡು, ಮೋಟಾರಿನೊಳಗೆ, ಮೋಟಾರಿನ ಜೊತೆ ಸರಸರ ನಡೆದ.

ದಂಡೆ ಹತ್ತಿದ ಮೇಲೆ ದುಂಡವ್ವ ತಿರುಗಿ ನೋಡದೆ ಕೇಳಿದಳು: "ದಾಟಿದ್ರಿಲ್ಲೋ?"

"ದಾಟಿದ್ನಿ," ಅಂದ.

"ಹೆಂಗಾತು?"

ಅವನು ಬಗ್ಗಿ ಧೋತರದ ಅಂಚು ಹಿಂಡಿದ. "ಕಾಲಿಗೆ ತಂಪಾತು," ಅಂದ. ಆಗ ಅವಳು ತಿರುಗಿದಳು. ಆ ನಗು ಅರಭಾವಿಯವರೆಗೆ ಕೇಳಿಸಿತಂತೆ. ಅದರಲ್ಲಿ ಅರ್ಧ ಶಿದ್ರಾಮನದೇ ಆಗಿತ್ತು. ಮುಂದಿನ ಅಮಾವಾಸ್ಯೆಯಿಂದ ಅವನು ಹಳ್ಳದ ಕತೆ ಹೇಳುವುದನ್ನು ಬಿಟ್ಟ. ಈಗ ಅದನ್ನು ದುಂಡವ್ವ ಹೇಳುತ್ತಾಳೆ.

ಮುಂದಿನ ವರ್ಷ ಅಲ್ಲಪ್ಪನ ಅಂಗಡಿಯಲ್ಲಿ ಹೊಸ ಬೊಂಬೆಯೊಂದು ಬಂತು. ಎರಡು ಎತ್ತು ಹೂಡಿದ ಕೆಂಪು ಮೋಟಾರು. ಸ್ಟೇರಿಂಗಿನ ಮುಂದೆ ಸೆರಗು ಹೊದ್ದ ಹೆಂಗಸು. ಹಿಂದೆ ಕಂಬಳಿ ಹೊದ್ದ ಮೀಸೆಯವನು, ಅವನ ಎರಡೂ ಕಾಲು ಮೋಟಾರಿನ ಕೆಳಗೆ ನೆಲಕ್ಕೆ ತಾಗಿ. ಅದು ನೆಟ್ಟಗೆ ನಿಲ್ಲುವುದೇ ಆ ಕಾಲುಗಳ ಮೇಲೆ. ಹುಕ್ಕೇರಿಯವರೆಗೂ ಮಾರಾಟವಾಯಿತು. ಶಿದ್ರಾಮನೇ ಒಂದನ್ನು ತಂದು ದೇವರ ಜಗಲಿಯ ಬಾಜೂ ಇಟ್ಟಿದ್ದಾನೆ.

ಬಾಗಿಲು ಮಾತ್ರ ಅದರದೂ ತೆಗೆಯಲು ಬರುವುದಿಲ್ಲ.